ಸುಳ್ಳಿಗೂ ಒಂದು ಲೆಕ್ಕ: ಇಬ್ಬರೇ ಆಡುವ ಪೋಕರಿನ ಕಥೆ

ಸಿನಿಮಾದಲ್ಲಿ ಪೋಕರ್ ಆಟ ಬಂತು ಅಂದರೆ ಕ್ಯಾಮೆರಾ ಎದುರಾಳಿಯ ಮುಖದ ಹತ್ತಿರ ಹೋಗಲೇಬೇಕು. ರೆಪ್ಪೆ ಒಂಚೂರು ಅದುರುತ್ತೆ, ಇಲ್ಲಾ ಬೆರಳು ತಡವರಿಸುತ್ತೆ, ಹೀರೋಗೆ ಎಲ್ಲಾ ಗೊತ್ತಾಗಿಬಿಡುತ್ತೆ. 2006ರ ಜೇಮ್ಸ್ ಬಾಂಡ್ ಸಿನಿಮಾ ‘ಕ್ಯಾಸಿನೊ ರಾಯಲ್’ನಲ್ಲಂತೂ ಎದುರಾಳಿಯ ಕಣ್ಣಿಂದ ರಕ್ತವೇ ಸೋರುತ್ತೆ. ಇನ್ನೇನು ಬೇಕು! ಪೋಕರ್ ಅಂದರೆ ಮುಖ ಓದುವ ವಿದ್ಯೆ ಅನ್ನೋ ನಂಬಿಕೆ ಎಷ್ಟು ಗಟ್ಟಿ ಅಂದರೆ, ಇಂಗ್ಲಿಷಿನಲ್ಲಿ ‘ಪೋಕರ್ ಫೇಸ್’ ಅನ್ನೋ ಮಾತೇ ಹುಟ್ಟಿಕೊಂಡಿದೆ.

ನನಗೆ ಈ ಆಟದ ಬಗ್ಗೆ ಕುತೂಹಲ ಹುಟ್ಟಿದ್ದು ಇದಕ್ಕೆ ತದ್ವಿರುದ್ಧವಾದ ಕಾರಣಕ್ಕೆ. ಇಬ್ಬರೇ ಕೂತು ಆಡುವ ಪೋಕರಿನಲ್ಲಿ ಘಟಾನುಘಟಿಗಳನ್ನು ಸೋಲಿಸಿದ ‘ಆಟಗಾರ’ನಿಗೆ ಮುಖವೇ ಇಲ್ಲ. ಎದುರಿನವರ ಮುಖ ನೋಡೋದಕ್ಕೆ ಕಣ್ಣೂ ಇಲ್ಲ. ಆದರೂ ಅದು ಸುಳ್ಳು ಹೇಳುತ್ತೆ, ಮನುಷ್ಯರಿಗಿಂತ ಚೆನ್ನಾಗಿ ಹೇಳುತ್ತೆ. ಅಲ್ಲಿಗೆ ಬಂದು ಮುಟ್ಟೋಕೆ ಸುಮಾರು 90 ವರ್ಷ ಹಿಡಿಯಿತು. ವಿಚಿತ್ರ ಅಂದರೆ ಮುಖ್ಯವಾದ ಉತ್ತರ ಮೊದಲಲ್ಲೇ ಸಿಕ್ಕಿಬಿಟ್ಟಿತ್ತು, ಆಡುವವರು ಮಾತ್ರ ಅದನ್ನು ಬಹಳ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ದೀಪಾವಳಿಗೆ ಆಡುವ ತೀನ್ ಪತ್ತಿ ಗೊತ್ತಿದ್ದರೆ ಅರ್ಧ ಪೋಕರ್ ಗೊತ್ತಿದ್ದ ಹಾಗೇ. ನನ್ನ ಎಲೆ ನನಗೆ ಮಾತ್ರ ಕಾಣುತ್ತೆ. ಸರದಿ ಬಂದಾಗ ದುಡ್ಡು ಕಟ್ಟಬಹುದು, ಸುಮ್ಮನಿರಬಹುದು, ಎದುರಿನವರು ಕಟ್ಟಿದ್ದರೆ ಅಷ್ಟೇ ಕಟ್ಟಿ ‘ತೋರಿಸು’ ಅನ್ನಬಹುದು, ಇಲ್ಲಾ ಪ್ಯಾಕ್ ಮಾಡಬಹುದು. ಎದುರಿನವರು ಪ್ಯಾಕ್ ಮಾಡಿದರೆ ಮೇಜಿನ ಮೇಲಿನ ದುಡ್ಡೆಲ್ಲ ನನ್ನದು, ಕೈಯಲ್ಲಿ ಏನಿತ್ತು ಅಂತ ತೋರಿಸಬೇಕಾಗಿಯೂ ಇಲ್ಲ. ಸುಳ್ಳಿಗೆ ಜಾಗ ಇರೋದು ಇಲ್ಲೇ. ಕೈಯಲ್ಲಿ ಕಸ ಇಟ್ಟುಕೊಂಡು, ದುಡ್ಡು ಕಟ್ಟಿ ಹೆದರಿಸೋದಕ್ಕೆ ಬ್ಲಫ್ ಅಂತಾರೆ. ಈಗ ಹೆಚ್ಚು ಚಾಲ್ತಿಯಲ್ಲಿರೋದು ಟೆಕ್ಸಸ್ ಹೋಲ್ಡೆಮ್ ಅನ್ನೋ ಬಗೆ: ಒಬ್ಬೊಬ್ಬರಿಗೆ ಎರಡೆರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ.

ಒಂಬತ್ತು ಜನ ಕೂತ ಮೇಜಿನಲ್ಲಿ ಒಳ್ಳೆ ಎಲೆ ಬರೋವರೆಗೂ ಪ್ಯಾಕ್ ಮಾಡ್ತಾ, ಕಾಫಿ ಕುಡೀತಾ ಕಾಯಬಹುದು. ಎಲೆ ಹಂಚುವ ಮೊದಲೇ ಕಡ್ಡಾಯವಾಗಿ ಕಟ್ಟಬೇಕಾದ ದುಡ್ಡು ಸರದಿಯಂತೆ ಯಾವಾಗಲೋ ಒಮ್ಮೆ ನಮ್ಮ ಪಾಲಿಗೆ ಬರುತ್ತೆ. ಇಬ್ಬರೇ ಇದ್ದಾಗ ಹಾಗಲ್ಲ. ಪ್ರತಿ ಆಟಕ್ಕೂ ಇಬ್ಬರೂ ಏನಾದರೂ ಕಟ್ಟಲೇಬೇಕು. ಕಾಯುವವನು ಕಾಯ್ತಾ ಕಾಯ್ತಾನೇ ಕರಗಿಹೋಗ್ತಾನೆ. ಹಾಗಾಗಿ ಒಂಬತ್ತು ಜನರ ನಡುವೆ ಕಣ್ಣೆತ್ತಿಯೂ ನೋಡದ ಎಲೆಗಳನ್ನು ಇಲ್ಲಿ ಆಡಬೇಕಾಗುತ್ತೆ, ಇಬ್ಬರ ಕೈಯಲ್ಲೂ ಹೆಚ್ಚಿನ ಸಲ ಹೇಳಿಕೊಳ್ಳುವಂಥದ್ದು ಏನೂ ಇರಲ್ಲ. ಬ್ಲಫ್ ಇಲ್ಲಿ ಉಪ್ಪಿನಕಾಯಿ ಅಲ್ಲ, ಅನ್ನವೇ.

ಈ ಬ್ಲಫ್ ಅನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ಜೂಜುಕೋರರಲ್ಲ, ಗಣಿತದವರು. ಫ್ರಾನ್ಸಿನ ಎಮಿಲ್ ಬೊರೆಲ್ 1920ರ ದಶಕದಲ್ಲೇ ಇಂಥ ಆಟಗಳ ಬಗ್ಗೆ ಬರೆದಿದ್ದ. ಹಂಗೇರಿಯ ಜಾನ್ ವಾನ್ ನ್ಯೂಮನ್ 1926ರ ಡಿಸೆಂಬರಿನಲ್ಲಿ ಗಟಿಂಗೆನ್‌ನಲ್ಲಿ ಒಂದು ಉಪನ್ಯಾಸ ಕೊಟ್ಟ, ಅದು 1928ರಲ್ಲಿ ಪ್ರಬಂಧವಾಗಿ ಅಚ್ಚಾಯಿತು. ಒಬ್ಬನ ಗೆಲುವೇ ಇನ್ನೊಬ್ಬನ ಸೋಲಾಗಿರುವ ಇಬ್ಬರ ಆಟಕ್ಕೆ ‘ಇದಕ್ಕಿಂತ ಸುರಕ್ಷಿತವಾಗಿ ಆಡೋಕೆ ಆಗಲ್ಲ’ ಅನ್ನುವಂಥ ಒಂದು ದಾರಿ ಇದ್ದೇ ಇರುತ್ತೆ ಅನ್ನೋದು ಅದರ ತಿರುಳು. ಆಗ ಅವನಿಗೆ ಇನ್ನೂ 25 ತುಂಬಿರಲಿಲ್ಲ ಅನ್ನೋದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತೆ :)

1944ರಲ್ಲಿ ನ್ಯೂಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ಸೇರಿ ಬರೆದ ‘ಥಿಯರಿ ಆಫ್ ಗೇಮ್ಸ್ ಅಂಡ್ ಎಕನಾಮಿಕ್ ಬಿಹೇವಿಯರ್’ ಬಂತು. ಅದರಲ್ಲಿ ಪೋಕರಿಗೇ ಮೀಸಲಾದ ಭಾಗ ಇದೆ. 52 ಎಲೆಯ ಆಟ ಲೆಕ್ಕಕ್ಕೆ ಸಿಗುವಂಥದ್ದಲ್ಲ, ಅದಕ್ಕೆ ಆಟವನ್ನೇ ಚಿಕ್ಕದು ಮಾಡಿಕೊಂಡರು. ನಾನು ಅದರ ಒಂದು ರೂಪವನ್ನು ಇನ್ನೂ ಸರಳ ಮಾಡಿ ಹೇಳ್ತೀನಿ. ಕೈಗೆ ಬರಬಹುದಾದ ಎಲೆಗಳನ್ನೆಲ್ಲ ಕೆಟ್ಟದ್ದರಿಂದ ಒಳ್ಳೆಯದರವರೆಗೆ ಸಾಲಾಗಿ ಜೋಡಿಸಿ, ಒಂಬತ್ತು ಸಮಭಾಗ ಮಾಡಿ. ಮೇಜಿನ ಮೇಲೆ ಎಷ್ಟು ದುಡ್ಡಿದೆಯೋ ಅಷ್ಟನ್ನೇ ಮತ್ತೆ ಕಟ್ಟುವ ಅವಕಾಶ ಮೊದಲನೆಯವನಿಗೆ ಇದೆ, ಬೇಡ ಅಂದರೆ ನೇರವಾಗಿ ಎಲೆ ತೋರಿಸೋದು. ಎರಡನೆಯವನು ಒಂದೋ ಅಷ್ಟೇ ಕಟ್ಟಿ ನೋಡಬೇಕು, ಇಲ್ಲಾ ಪ್ಯಾಕ್. ಮೊದಲನೆಯವನು ಯಾವ ಯಾವ ಎಲೆಗೆ ದುಡ್ಡು ಕಟ್ಟಬೇಕು?

ಮೇಲಿನ ಎರಡು ಭಾಗಕ್ಕೆ ಕಟ್ಟಬೇಕು ಅನ್ನೋದು ಯಾರಿಗಾದರೂ ಹೊಳೆಯುತ್ತೆ. ಹೊಳೆಯದೇ ಇರೋದು ಇನ್ನೊಂದು: ಎಲ್ಲಕ್ಕಿಂತ ಕೆಳಗಿನ ಒಂದು ಭಾಗಕ್ಕೂ ಕಟ್ಟಬೇಕು, ನಡುವಿನ ಆರು ಭಾಗಕ್ಕೆ ಸುಮ್ಮನಿರಬೇಕು. ಎರಡನೆಯವನು ಮೇಲಿನ ನಾಲ್ಕು ಭಾಗ ಬಂದಾಗ ಮಾತ್ರ ಕಟ್ಟಿ ನೋಡಬೇಕು. ಅಂದರೆ ಬ್ಲಫ್ ಮಾಡೋದು ಸುಮಾರಾದ ಎಲೆಯಲ್ಲಲ್ಲ, ಅತೀ ಕೆಟ್ಟ ಎಲೆಯಲ್ಲಿ. ಮೂರು ಸಲ ಕಟ್ಟಿದರೆ ಅದರಲ್ಲಿ ಒಂದು ಸಲ ಸುಳ್ಳು, ಎರಡು ಸಲ ನಿಜ. ಇದರಲ್ಲಿ ಎದುರಿನವನ ಮುಖದ ಬಗ್ಗೆ ಒಂದಕ್ಷರವೂ ಇಲ್ಲ ನೋಡಿ.

ಯಾಕೆ ಹೀಗೆ ಅಂತ ಅರ್ಥ ಮಾಡಿಕೊಳ್ಳೋಕೆ ಇದಕ್ಕಿಂತ ಚಿಕ್ಕ ಆಟ ಒಂದಿದೆ. ಪ್ರಿನ್ಸ್‌ಟನ್ನಿನ ಹೆರಾಲ್ಡ್ ಕುನ್ 1950ರಲ್ಲಿ ಪ್ರಕಟಿಸಿದ್ದು. ಇದರಲ್ಲಿ ಇರೋದು ಮೂರೇ ಎಲೆ: ರಾಜ, ರಾಣಿ, ಗುಲಾಮ. ಮನೆಯಲ್ಲಿ ಇಸ್ಪೀಟಿನ ಕಟ್ಟು ಇದ್ದರೆ ಮೂರೆಲೆ ತೆಗೆದಿಟ್ಟುಕೊಂಡು ನೋಡಬಹುದು, ದುಡ್ಡಿನ ಬದಲು ಹುಣಸೆಬೀಜ ಸಾಕು. ಇಬ್ಬರೂ ಒಂದೊಂದು ಬೀಜ ಇಡಬೇಕು, ಒಬ್ಬೊಬ್ಬರಿಗೆ ಒಂದೊಂದು ಎಲೆ, ಒಂದು ಎಲೆ ಮೇಜಿನ ಮೇಲೆ ಮುಚ್ಚಿಟ್ಟದ್ದು. ಬೇಕಾದರೆ ಇನ್ನೊಂದು ಬೀಜ ಕಟ್ಟಬಹುದು. ಅಷ್ಟೇ ಆಟ.

ನಾನು ಸುಮ್ಮನಿದ್ದೆ, ಈಗ ಕಟ್ಟುವ ಸರದಿ ನಿಮ್ಮದು ಅಂತಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ ರಾಣಿ. ಕಟ್ಟಿದರೆ ಏನಾಗುತ್ತೆ? ನನ್ನ ಹತ್ತಿರ ಗುಲಾಮ ಇದ್ದರೆ ಪ್ಯಾಕ್ ಮಾಡ್ತೀನಿ, ನಿಮಗೆ ಹೆಚ್ಚಿಗೆ ಏನೂ ಸಿಗಲ್ಲ. ರಾಜ ಇದ್ದರೆ ಖುಷಿಯಿಂದ ಕಟ್ತೀನಿ, ನಿಮ್ಮದು ಇನ್ನೊಂದು ಬೀಜ ಹೋಯಿತು. ಅಂದರೆ ರಾಣಿಯಲ್ಲಿ ಕಟ್ಟುವುದರಿಂದ ನಷ್ಟವೇ ಹೊರತು ಲಾಭ ಇಲ್ಲ. ಮಧ್ಯಮವರ್ಗದ ಹಣೆಬರಹ, ಸುಮ್ಮನೆ ಕೂರಬೇಕು. ರಾಜ ಇದ್ದರೆ ಕಟ್ಟಲೇಬೇಕು. ಆದರೆ ನೀವು ರಾಜ ಇದ್ದಾಗ ಮಾತ್ರ ಕಟ್ಟುವವರು ಅಂತ ನನಗೆ ಗೊತ್ತಾದರೆ, ರಾಣಿ ಹಿಡಿದುಕೊಂಡು ನಾನು ಯಾವತ್ತೂ ಒಪ್ಪಲ್ಲ, ಪ್ಯಾಕ್ ಮಾಡ್ತೀನಿ. ನಿಮ್ಮ ರಾಜನಿಗೆ ಬೆಲೆಯೇ ಇಲ್ಲದ ಹಾಗಾಯಿತು. ರಾಜನಿಗೆ ಬೆಲೆ ಬರಬೇಕಾದರೆ ಗುಲಾಮ ಆಗಾಗ ರಾಜನ ವೇಷ ಹಾಕಬೇಕು.

ಎಷ್ಟು ಸಲ? ಮೂರು ಸಲ ಗುಲಾಮ ಬಂದರೆ ಒಂದು ಸಲ. ಲೆಕ್ಕ ನೋಡಿ. ನನ್ನ ಕೈಯಲ್ಲಿ ರಾಣಿ ಇದೆ, ನೀವು ಕಟ್ಟಿದ್ದೀರಿ. ನಿಮ್ಮ ಹತ್ತಿರ ರಾಜ ಇದ್ದಾಗಲೆಲ್ಲ ಕಟ್ಟುತ್ತೀರಿ, ಗುಲಾಮ ಇದ್ದಾಗ ಮೂರಕ್ಕೆ ಒಂದು ಸಲ. ಹಾಗಾಗಿ ನಾಲ್ಕು ಸಲ ಕಟ್ಟಿದರೆ ಮೂರು ಸಲ ರಾಜ, ಒಂದು ಸಲ ಗುಲಾಮ. ಮೇಜಿನ ಮೇಲೆ ಈಗ ಮೂರು ಬೀಜ ಇದೆ, ನೋಡೋಕೆ ನಾನು ಒಂದು ಕಟ್ಟಬೇಕು. ಮೂರು ಸಲ ಒಂದೊಂದು ಕಳ್ಕೊಳ್ತೀನಿ, ಒಂದು ಸಲ ಮೂರು ಗೆಲ್ತೀನಿ. ಅಲ್ಲಿಗಲ್ಲಿಗೆ ಸರಿ. ಕಟ್ಟಿದರೂ ಅಷ್ಟೇ, ಪ್ಯಾಕ್ ಮಾಡಿದರೂ ಅಷ್ಟೇ! ನೀವು ಇದಕ್ಕಿಂತ ಹೆಚ್ಚು ಸುಳ್ಳು ಹೇಳಿದರೆ ನಾನು ಯಾವಾಗಲೂ ಕಟ್ಟಿ ನಿಮ್ಮನ್ನು ಹಿಡೀತೀನಿ, ಕಡಿಮೆ ಹೇಳಿದರೆ ಯಾವಾಗಲೂ ಪ್ಯಾಕ್ ಮಾಡಿ ನಿಮ್ಮ ರಾಜನನ್ನು ಉಪವಾಸ ಕೆಡವ್ತೀನಿ. ಸರಿಯಾಗಿ ಮೂರಕ್ಕೊಂದು ಅಂದರೆ ನನ್ನ ಬುದ್ಧಿವಂತಿಕೆ ಏನೂ ನಡೆಯಲ್ಲ.

ಇಲ್ಲಿ ನಿಂತು ಯೋಚನೆ ಮಾಡಬೇಕಾದ ವಿಷಯ ಒಂದಿದೆ. ‘ನಾನು ಗುಲಾಮ ಬಂದಾಗ ಮೂರಕ್ಕೊಂದು ಸಲ ಸುಳ್ಳು ಹೇಳ್ತೀನಿ’ ಅಂತ ನೀವು ಮೊದಲೇ ಬೋರ್ಡು ಬರೆದು ನೇತುಹಾಕಿದರೂ ನನಗೆ ಪ್ರಯೋಜನ ಇಲ್ಲ. ಯಾವ ಸಲ ಅನ್ನೋದು ಮಾತ್ರ ನನಗೆ ಗೊತ್ತಾಗಬಾರದು, ಹಾಗಾಗಬೇಕಾದರೆ ಅದು ನಿಮಗೂ ಮೊದಲೇ ಗೊತ್ತಿರಬಾರದು. ದಾಳ ಉರುಳಿಸಿ ನಿರ್ಧಾರ ಮಾಡಬೇಕು. ನಾವು ಗುಟ್ಟು ಅಂತ ಏನನ್ನು ಅಂದುಕೊಂಡಿರ್ತೀವೋ, ಅದು ಇಲ್ಲಿ ಗುಟ್ಟೇ ಅಲ್ಲ. ಬ್ಲಫ್‌ನ ಉದ್ದೇಶ ಆ ಒಂದು ಆಟ ಕದಿಯೋದಲ್ಲ, ನಿಜ ಹೇಳಿದಾಗ ಅದಕ್ಕೆ ಬೆಲೆ ಬರುವ ಹಾಗೆ ನೋಡಿಕೊಳ್ಳೋದು. ಇನ್ನೊಂದು ಅಂಶ: ಇಬ್ಬರೂ ತಪ್ಪಿಲ್ಲದೆ ಆಡಿದರೂ, ಮೊದಲು ಮಾತಾಡಬೇಕಾದವನು ಸರಾಸರಿ 18 ಆಟಕ್ಕೆ ಒಂದು ಬೀಜ ಕಳೆದುಕೊಳ್ತಾನೆ. ಕೊನೆಯಲ್ಲಿ ಮಾತಾಡುವವನಿಗೆ ಯಾವಾಗಲೂ ಒಂದು ಕೈ ಮೇಲೆ. (ಮದುವೆ ಮಾತುಕತೆಯಲ್ಲೂ ಹಾಗೇ ತಾನೇ?)

ಅಂದ ಹಾಗೆ, ಜೂಜಿನ ಒಳಗೊಂದು ಲೆಕ್ಕ ಇದೆ, ಅದನ್ನು ಕಲಿತವನು ಗೆಲ್ತಾನೆ ಅನ್ನೋ ಯೋಚನೆ ನಮಗೆ ಹೊಸದಲ್ಲ. ವನಪರ್ವದ ನಳನ ಕಥೆಯಲ್ಲಿ ಋತುಪರ್ಣ ರಾಜ ತಾರೆ ಮರದ ಎಲೆ, ಕಾಯಿ ಇಷ್ಟಿಷ್ಟು ಅಂತ ನಿಂತಲ್ಲೇ ಹೇಳ್ತಾನೆ, ನಳ ಮರ ಕಡಿದು ಎಣಿಸಿದರೆ ಸರಿಯಾಗೇ ಇರುತ್ತೆ. ಅಶ್ವವಿದ್ಯೆಗೆ ಬದಲಾಗಿ ನಳ ಅವನಿಂದ ಕಲಿಯೋದು ಅಕ್ಷಹೃದಯ, ಅಂದರೆ ದಾಳದ ಹೃದಯ. ಆಮೇಲೆ ಪುಷ್ಕರನ ಜೊತೆ ಇಬ್ಬರೇ ಕೂತು ಆಡಿ ರಾಜ್ಯ ವಾಪಸ್ ಪಡೀತಾನೆ. ಅಲ್ಲೂ ಯಾರೂ ಯಾರ ಮುಖವನ್ನೂ ನೋಡಲ್ಲ, ಎಣಿಸ್ತಾರೆ ಅಷ್ಟೇ.

ನ್ಯೂಮನ್ ಸ್ವತಃ ದೊಡ್ಡ ಪೋಕರ್ ಆಟಗಾರ ಏನಲ್ಲ. ಲಾಸ್ ಅಲಮೋಸ್‌ನಲ್ಲಿ ಅಣುಬಾಂಬಿನ ಕೆಲಸದ ನಡುವೆ ವಿಜ್ಞಾನಿಗಳು ಸಣ್ಣ ದುಡ್ಡಿಗೆ ಆಡ್ತಿದ್ದರಂತೆ. ನಿಕೊಲಾಸ್ ಮೆಟ್ರೊಪೊಲಿಸ್ ಒಮ್ಮೆ ನ್ಯೂಮನ್‌ನಿಂದ 10 ಡಾಲರ್ ಗೆದ್ದು, 5 ಡಾಲರಿಗೆ ನ್ಯೂಮನ್‌ನ ಪುಸ್ತಕವನ್ನೇ ಕೊಂಡು, ಉಳಿದ 5 ಡಾಲರನ್ನು ವಿಜಯದ ಗುರುತಿಗೆ ಅದರ ಒಳಗೆ ಅಂಟಿಸಿಟ್ಟನಂತೆ. ಸ್ಟಾನಿಸ್ಲಾವ್ ಉಲಾಮ್ ತನ್ನ ಆತ್ಮಕಥೆಯಲ್ಲಿ ಹೇಳುವ ಕಥೆ ಇದು.

ಇತ್ತ ಟೆಕ್ಸಸ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ಹೊಟ್ಟೆಪಾಡಿಗೆ ಆಡುವವರಿಗೆ ಈ ಪುಸ್ತಕದ ಗಾಳಿ ಕೂಡ ಸೋಕಿರಲಿಲ್ಲ. ಅವರ ಪುರಾಣವೇ ಬೇರೆ. ಜಾನಿ ಮಾಸ್ ಮತ್ತು ‘ನಿಕ್ ದ ಗ್ರೀಕ್’ ತಿಂಗಳುಗಟ್ಟಲೆ ಇಬ್ಬರೇ ಕೂತು ಆಡಿದರು ಅನ್ನೋ ಕಥೆಯನ್ನು ಪೋಕರಿನವರು ಈಗಲೂ ಹೇಳ್ತಾರೆ. 1949ರಲ್ಲಿ ಅಂತ ಕೆಲವರು, 1951ರಲ್ಲಿ ಅಂತ ಕೆಲವರು, ನಡೆದೇ ಇಲ್ಲ ಅನ್ನುವವರೂ ಇದ್ದಾರೆ. ನಡೆದದ್ದು ಅಂತ ಗಟ್ಟಿಯಾಗಿ ಹೇಳಬಹುದಾದದ್ದು 1970ರಿಂದ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್. 1971ರಿಂದ ಅದರ ಮುಖ್ಯ ಪಂದ್ಯ ಒಬ್ಬನೇ ಉಳಿಯೋವರೆಗೆ ನಡೆಯೋದು, ಅಂದರೆ ಪ್ರತಿ ವರ್ಷವೂ ಕೊನೆಯಲ್ಲಿ ಇಬ್ಬರ ಆಟವೇ.

1976 ಮತ್ತು 1977ರಲ್ಲಿ ಅದನ್ನು ಗೆದ್ದ ಡಾಯ್ಲ್ ಬ್ರನ್ಸನ್ (2023ರಲ್ಲಿ ತೀರಿಕೊಂಡ) ಎರಡು ಸಲವೂ ಕೊನೆಯ ಆಟ ಗೆದ್ದದ್ದು ಹತ್ತು ಮತ್ತು ಎರಡು ಅನ್ನೋ ದರಿದ್ರ ಎಲೆಯಲ್ಲಿ. ಒಂಬತ್ತು ಜನರ ಮೇಜಿನಲ್ಲಿ ಮುಟ್ಟಬಾರದ ಎಲೆ ಅದು. 1970ರ ದಶಕದ ಕೊನೆಗೆ ಅವನು ಹೊರತಂದ ‘ಸೂಪರ್ ಸಿಸ್ಟಮ್’ ಅನ್ನೋ ದಪ್ಪ ಪುಸ್ತಕದ ಪಾಠ ಒಂದೇ ಮಾತಲ್ಲಿ: ಮೇಲೆ ಬಿದ್ದು ಆಡು, ಎದುರಿನವನು ಸದಾ ಕಷ್ಟದ ನಿರ್ಧಾರ ತೆಗೆದುಕೊಳ್ಳುವ ಹಾಗೆ ಮಾಡು. ಗಣಿತ ಇಲ್ಲದೆ, ಅನುಭವದಿಂದಲೇ ಅವರು ಕಾಲುಭಾಗ ದಾರಿ ಬಂದಿದ್ದರು ಅಂತ ನನ್ನ ಅನಿಸಿಕೆ. ಬ್ಲಫ್ ಬೇಕು ಅನ್ನೋದು ಗೊತ್ತಿತ್ತು, ಎಷ್ಟು ಅನ್ನೋದಕ್ಕೆ ಮಾತ್ರ ಎದುರಿನವನ ಮುಖ ನೋಡ್ತಿದ್ದರು. 1981ರಲ್ಲಿ ಎಂಐಟಿಯ ಗಣಿತಜ್ಞ ನೆಸ್ಮಿತ್ ಆಂಕೆನಿ, 1987ರಲ್ಲಿ ‘ದ ಥಿಯರಿ ಆಫ್ ಪೋಕರ್’ ಬರೆದ ಡೇವಿಡ್ ಸ್ಕ್ಲಾನ್‌ಸ್ಕಿ, ಹೀಗೆ ಒಬ್ಬಿಬ್ಬರು ನ್ಯೂಮನ್ನಿನ ಲೆಕ್ಕವನ್ನು ಆಟಗಾರರ ಭಾಷೆಗೆ ತಂದರು. ಸ್ಕ್ಲಾನ್‌ಸ್ಕಿಯ ಉಪಾಯ ಚೆನ್ನಾಗಿದೆ: ದಾಳ ಯಾಕೆ, ನಿನ್ನ ಕೈಯ ಎಲೆಯನ್ನೇ ದಾಳ ಮಾಡಿಕೋ, ಇಂತಿಂಥ ಎಲೆ ಬಂದರೆ ಮಾತ್ರ ಬ್ಲಫ್ ಅಂತ ಮೊದಲೇ ಗೊತ್ತು ಮಾಡಿಕೋ.

ಎರಡು ಲೋಕ ನಿಜವಾಗಿ ಮುಖಾಮುಖಿಯಾದದ್ದು 2000ದ ವರ್ಲ್ಡ್ ಸೀರೀಸ್ ಫೈನಲ್ಲಿನಲ್ಲಿ. ಒಂದು ಕಡೆ ಟೆಕ್ಸಸ್ಸಿನ ಹಳೇ ಹುಲಿ ಟಿ.ಜೆ. ಕ್ಲೂಟಿಯರ್, ಆಟಗಾರರನ್ನು ನೋಡಿ ನೆನಪಿಟ್ಟುಕೊಳ್ಳುವುದಕ್ಕೇ ಹೆಸರಾದವನು. ಇನ್ನೊಂದು ಕಡೆ ಉದ್ದ ಕೂದಲು, ಗಡ್ಡ, ಹ್ಯಾಟಿನ ಕ್ರಿಸ್ ಫರ್ಗುಸನ್, ಕಂಪ್ಯೂಟರ್ ಸೈನ್ಸಿನಲ್ಲಿ ಪಿಎಚ್‌ಡಿ. ಅವನ ಅಪ್ಪ ಥಾಮಸ್ ಫರ್ಗುಸನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಲಾಸ್ ಏಂಜಲೀಸ್) ಗಣಿತದ ಪ್ರೊಫೆಸರ್. ಅಪ್ಪ ಮಗ ಸೇರಿ ಬೊರೆಲ್ ಮತ್ತು ನ್ಯೂಮನ್ ಪೋಕರಿನ ಮೇಲೆ ಪ್ರಬಂಧವನ್ನೂ ಬರೆದಿದ್ದಾರೆ. ಮೇಲೆ ಹೇಳಿದ ಒಂಬತ್ತು ಭಾಗದ ಲೆಕ್ಕ ಅದರಲ್ಲಿರುವ ಸೂತ್ರಗಳಿಂದಲೇ ಬರೋದು.

ಇಬ್ಬರೇ ಉಳಿದಾಗ ಫರ್ಗುಸನ್ ಹತ್ತಿರ ಸುಮಾರು ಹತ್ತು ಪಟ್ಟು ಚಿಪ್ಸ್ ಇತ್ತು. ಕ್ಲೂಟಿಯರ್ ನಿಧಾನಕ್ಕೆ ಎಳೆದು ಎಳೆದು ಹೆಚ್ಚುಕಡಿಮೆ ಸಮಕ್ಕೆ ತಂದ. ಕೊನೆಯ ಆಟದಲ್ಲಿ ಕ್ಲೂಟಿಯರ್ ಎಕ್ಕ-ರಾಣಿ ಹಿಡಿದು ಇದ್ದದ್ದೆಲ್ಲ ಕಟ್ಟಿದ. ಫರ್ಗುಸನ್ ಬಹಳ ಹೊತ್ತು ಯೋಚಿಸಿ ಎಕ್ಕ-ಒಂಬತ್ತು ಹಿಡಿದು ಒಪ್ಪಿದ. ಮೇಜಿನ ಮೇಲೆ ನಾಲ್ಕು ಎಲೆ ಬಿದ್ದ ಮೇಲೆ, ಉಳಿದ 44 ಎಲೆಗಳಲ್ಲಿ ಫರ್ಗುಸನ್‌ನನ್ನು ಗೆಲ್ಲಿಸುವಂಥದ್ದು ಮೂರೇ, ಮೂರು ಒಂಬತ್ತುಗಳು. ಐದನೇ ಎಲೆ ಒಂಬತ್ತು! 15 ಲಕ್ಷ ಡಾಲರ್. ಗಣಿತ ಗೆದ್ದಿತು ಅಂತ ಬರೆಯೋದು ಸುಲಭ, ಆದರೆ ಆ ಎಲೆಯಲ್ಲಿ ಗೆದ್ದದ್ದು ಶುದ್ಧ ಅದೃಷ್ಟ. ಒಂದು ಆಟ, ಒಂದು ರಾತ್ರಿ, ಒಂದು ಪಂದ್ಯದಿಂದ ಯಾರು ಚೆನ್ನಾಗಿ ಆಡಿದರು ಅಂತ ಹೇಳೋಕೆ ಆಗಲ್ಲ ಅನ್ನೋದೇ ಈ ಆಟದ ದೊಡ್ಡ ಪೀಡೆ.

ಇದೇ ಪೀಡೆಯ ಜೊತೆ ದುಡ್ಡಿನ ಭಯವನ್ನೂ ಸೇರಿಸಿದವನು ಆಂಡಿ ಬೀಲ್. ಡಲ್ಲಾಸ್‌ನ ಬ್ಯಾಂಕರ್, ಹವ್ಯಾಸಕ್ಕೆ ಗಣಿತ (ಅವನ ಹೆಸರಲ್ಲೇ ಒಂದು ಪ್ರಸಿದ್ಧ ಗಣಿತ ಸಮಸ್ಯೆ ಇದೆ, ಬಿಡಿಸಿದರೆ 10 ಲಕ್ಷ ಡಾಲರ್ ಬಹುಮಾನ). 2001ರಿಂದ ಲಾಸ್ ವೇಗಸ್‌ಗೆ ಬಂದು ಅಲ್ಲಿನ ಅತ್ಯುತ್ತಮ ಆಟಗಾರರಿಗೆ ಸವಾಲು ಹಾಕಿದ: ಇಬ್ಬರೇ ಆಡೋಣ, ಆದರೆ ನಿಮಗೆ ನಡುಕ ಬರುವಷ್ಟು ದುಡ್ಡಿಗೆ. ಅವನ ತಂತ್ರದ ಒಂದು ಭಾಗ ಕಂಪ್ಯೂಟರಿನಲ್ಲಿ ಲಕ್ಷಾಂತರ ಆಟ ಓಡಿಸಿ ಎಲೆಗಳ ಬೆಲೆ ಕಲಿಯೋದು. ಇನ್ನೊಂದು ಭಾಗ ಅದಕ್ಕಿಂತ ಚುರುಕು. ಸೋತರೆ ನಾಳೆ ಊಟಕ್ಕೇನು ಅಂತ ಯೋಚಿಸುವವನು ಬೇಕಾದಷ್ಟು ಬ್ಲಫ್ ಮಾಡಲಾರ, ಬೇಕಾದಷ್ಟು ಸಲ ಒಪ್ಪಲಾರ, ಅವನ ಮೂರಕ್ಕೊಂದು ತಾನಾಗೇ ಐದಕ್ಕೊಂದಾಗುತ್ತೆ. ವೃತ್ತಿಯವರು ದುಡ್ಡು ಒಟ್ಟುಹಾಕಿ ಒಂದು ಕೂಟ ಮಾಡಿಕೊಂಡು, ಒಬ್ಬರಾದ ಮೇಲೆ ಒಬ್ಬರಂತೆ ಅವನೆದುರು ಕೂತರು. ಪಣ 1 ಲಕ್ಷ–2 ಲಕ್ಷ ಡಾಲರಿನ ಮಟ್ಟ ಮುಟ್ಟಿತು. 2004ರ ಮೇನಲ್ಲಿ ಒಂದೇ ದಿನ ಬೀಲ್ ಗೆದ್ದದ್ದು 1 ಕೋಟಿ 17 ಲಕ್ಷ ಡಾಲರ್. 2006ರ ಫೆಬ್ರವರಿಯಲ್ಲಿ ಫಿಲ್ ಐವಿ ಮೂರು ದಿನದಲ್ಲಿ ಅವನಿಂದ 1 ಕೋಟಿ 60 ಲಕ್ಷಕ್ಕೂ ಹೆಚ್ಚು ಗೆದ್ದ. ಯಾರು ಉತ್ತಮರು ಅನ್ನೋದು ಇದರಿಂದಲೂ ಇತ್ಯರ್ಥ ಆಗಲಿಲ್ಲ.

ಇತ್ಯರ್ಥ ಮಾಡಿದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು. 2007ರಲ್ಲಿ ಅವರ ಪೊಲಾರಿಸ್ ಅನ್ನೋ ಪ್ರೋಗ್ರಾಂ ವ್ಯಾಂಕೂವರಿನಲ್ಲಿ ಫಿಲ್ ಲಾಕ್, ಅಲಿ ಎಸ್ಲಾಮಿ ಅನ್ನೋ ಇಬ್ಬರ ಎದುರು ಆಡಿತು. ಅದೃಷ್ಟದ ಪೀಡೆ ತಪ್ಪಿಸೋಕೆ ಒಳ್ಳೆ ಉಪಾಯ ಮಾಡಿದ್ದರು: ಒಬ್ಬನಿಗೆ ಹಂಚಿದ ಎಲೆಯನ್ನೇ ಬೇರೆ ಕೋಣೆಯಲ್ಲಿ ಇನ್ನೊಬ್ಬನ ಎದುರು ಕೂತ ಕಂಪ್ಯೂಟರಿಗೆ ಹಂಚೋದು, ಕಂಪ್ಯೂಟರಿನ ಎಲೆ ಆ ಇನ್ನೊಬ್ಬನಿಗೆ. ನಾಲ್ಕು ಸುತ್ತಿನಲ್ಲಿ ಒಂದು ಸಮ, ಒಂದು ಯಂತ್ರಕ್ಕೆ, ಎರಡು ಮನುಷ್ಯರಿಗೆ. ಮರುವರ್ಷ ಲಾಸ್ ವೇಗಸ್‌ನಲ್ಲಿ ಯಂತ್ರವೇ ಗೆದ್ದಿತು.

ಅದೇ 2007ರಲ್ಲಿ ಅವರು ಪ್ರಕಟಿಸಿದ ಒಂದು ವಿಧಾನ ನನಗೆ ಈ ಇಡೀ ಕಥೆಯಲ್ಲೇ ಅತ್ಯಂತ ಇಷ್ಟವಾದ ಭಾಗ. ಅದನ್ನು ಕನ್ನಡದಲ್ಲಿ ‘ಹಳಹಳಿಕೆಯ ಲೆಕ್ಕ’ ಅಂತ ಕರೀಬಹುದು. ಕಂಪ್ಯೂಟರಿಗೆ ಪೋಕರಿನ ಬುದ್ಧಿವಾದ ಏನೂ ಹೇಳಿಕೊಡಲ್ಲ. ಅದು ತನ್ನ ಜೊತೆ ತಾನೇ ಆಡುತ್ತೆ, ಮೊದಮೊದಲು ಹುಚ್ಚಾಪಟ್ಟೆ. ಆಮೇಲೆ ಪ್ರತಿಯೊಂದು ನಿರ್ಧಾರದ ಜಾಗದಲ್ಲೂ ಕೇಳಿಕೊಳ್ಳುತ್ತೆ: ಇಲ್ಲಿ ಕಟ್ಟುವ ಬದಲು ಪ್ಯಾಕ್ ಮಾಡಿದ್ದರೆ ಎಷ್ಟು ಉಳೀತಿತ್ತು? ಸುಮ್ಮನಿದ್ದಿದ್ದರೆ? ಆ ‘ಅಯ್ಯೋ ಹಾಗೆ ಮಾಡಬಹುದಿತ್ತಲ್ಲ’ವನ್ನು ಅಂಕಿಯಾಗಿ ಬರೆದಿಟ್ಟುಕೊಳ್ಳುತ್ತೆ. ಯಾವ ನಡೆಯ ಬಗ್ಗೆ ಹಳಹಳಿಕೆ ಹೆಚ್ಚೋ ಅದನ್ನು ಮುಂದಿನ ಸಲ ಅದೇ ಪ್ರಮಾಣದಲ್ಲಿ ಹೆಚ್ಚು ಆಡುತ್ತೆ. ಕೋಟಿ ಕೋಟಿ ಸಲ ಹೀಗೆ ಆದ ಮೇಲೆ, ಎಲ್ಲ ಆಟಗಳ ಸರಾಸರಿ ತೆಗೆದರೆ, ನ್ಯೂಮನ್ ಇದೆ ಅಂತ ತೋರಿಸಿದ್ದ ಆ ಸುರಕ್ಷಿತ ದಾರಿಗೆ ಬಂದು ನಿಲ್ಲುತ್ತೆ. ಬ್ಲಫ್ ಅನ್ನೋ ಪದ ಕೂಡ ಅದಕ್ಕೆ ಗೊತ್ತಿಲ್ಲ, ಆದರೂ ಗುಲಾಮನಿಗೆ ಮೂರಕ್ಕೊಂದು ಸಲ ವೇಷ ಹಾಕಿಸೋದನ್ನು ತಾನೇ ಕಲಿಯುತ್ತೆ.

2015ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮೈಕಲ್ ಬೌಲಿಂಗ್ ಮತ್ತು ಸಂಗಡಿಗರ ಪ್ರಬಂಧ ಬಂತು: ಕಟ್ಟುವ ಮೊತ್ತ ನಿಗದಿಯಾಗಿರುವ ಇಬ್ಬರ ಹೋಲ್ಡೆಮ್ ಬಗೆಹರಿದಿದೆ. ಪ್ರೋಗ್ರಾಮಿನ ಹೆಸರು ಸೆಫಿಯಸ್. 4,800 ಸಿಪಿಯುಗಳು 68 ದಿನ ಕೆಲಸ ಮಾಡಿದ್ದವು. ಪೂರ್ತಿ ಪರಿಪೂರ್ಣ ಅಲ್ಲ, ಆದರೆ ಉಳಿದಿರೋ ದೋಷ ಎಷ್ಟು ಚಿಕ್ಕದು ಅಂದರೆ, ಅದನ್ನು ಪೂರ್ತಿ ಬಲ್ಲ ಎದುರಾಳಿ ದಿನಕ್ಕೆ 12 ಗಂಟೆ, ಗಂಟೆಗೆ 200 ಆಟದಂತೆ ಒಂದು ದಿನವೂ ಬಿಡದೆ 70 ವರ್ಷ ಆಡಿದರೂ ತಾನು ಗೆಲ್ಲುತ್ತಿರೋದು ಅದೃಷ್ಟದಿಂದಲ್ಲ ಅಂತ ಖಚಿತವಾಗಿ ಹೇಳೋಕಾಗಲ್ಲ. ಹಳಬರ ಎಷ್ಟೋ ಚರ್ಚೆಗೆ ಅಂಕಿಯ ಉತ್ತರ ಸಿಕ್ಕಿತು. ಎಲೆ ಹಂಚುವ ಜಾಗದಲ್ಲಿರೋನು ಮೊದಲ ಸುತ್ತಿನಲ್ಲಿ ಸುಮ್ಮನೆ ಸಮ ಕಟ್ಟಿ ಒಳಗೆ ಬರೋದು ತಪ್ಪು, ಏರಿಸಬೇಕು ಇಲ್ಲಾ ಬಿಡಬೇಕು. ಕುನ್‌ನ ಮೂರೆಲೆಯ ಆಟದ ಹಾಗೇ ಇಲ್ಲೂ ನಂತರ ಮಾತಾಡುವ ಜಾಗಕ್ಕೆ ಲಾಭ ಇದೆ, ಅದು ಎಷ್ಟು ಅನ್ನೋದೂ ಗೊತ್ತಾಯಿತು.

70 ವರ್ಷದ ಮಾತು ಬಂದಾಗ ನಮ್ಮ ಕೋರ್ಟುಗಳ ನೆನಪಾಗುತ್ತೆ. ಪೋಕರ್ ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೆ 2013ರಲ್ಲೂ ಹೋಗಿತ್ತು. ಆನ್‌ಲೈನ್ ಆಟಗಳನ್ನು ನಿಷೇಧಿಸಿದ ರಾಜ್ಯದ 2021ರ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. 2025ರಲ್ಲಿ ಸಂಸತ್ತು ಮಾಡಿದ ಕಾಯಿದೆಯಂತೂ ಆ ಭೇದವನ್ನೇ ಬದಿಗಿಟ್ಟು, ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳಿಗೆಲ್ಲ ನಿಷೇಧ ಹಾಕಿತು. ಕೌಶಲ ಇದೆ ಅನ್ನೋದು ನಿಜ. ಆದರೆ ಆ ಕೌಶಲ ಅದೃಷ್ಟದಿಂದ ಬೇರ್ಪಟ್ಟು ಕಾಣೋಕೆ ಎಷ್ಟು ಸಾವಿರ ಆಟ ಬೇಕು, ಅಷ್ಟರಲ್ಲಿ ಸಾಮಾನ್ಯ ಸಂಬಳದವನ ಜೇಬಿನಲ್ಲಿ ಏನು ಉಳಿದಿರುತ್ತೆ ಅನ್ನೋದೂ ಅಷ್ಟೇ ನಿಜ. ಹಾಗಾಗಿ ನಾನು ಹುಣಸೆಬೀಜದ ಪಕ್ಷ.

ಕಟ್ಟುವ ಮೊತ್ತಕ್ಕೆ ಮಿತಿಯೇ ಇಲ್ಲದ ಆಟ ಇನ್ನೂ ಬಾಕಿ ಇತ್ತು. ಅದರಲ್ಲಿ ಬರಬಹುದಾದ ನಿರ್ಧಾರದ ಸಂದರ್ಭಗಳು ಒಂದರ ಮುಂದೆ 161 ಸೊನ್ನೆ ಹಾಕಿದಷ್ಟು. 2015ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕ್ಲಾಡಿಕೊ ಅನ್ನೋ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನ ಕ್ಯಾಸಿನೊದಲ್ಲಿ ನಾಲ್ವರು ವೃತ್ತಿಪರರ ಎದುರು 80,000 ಆಟ ಆಡಿ ಸೋತಿತು. 2017ರ ಜನವರಿಯಲ್ಲಿ ಅಲ್ಲಿನ ಟುವೊಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ಹೊಸ ಪ್ರೋಗ್ರಾಂ ತಂದರು, ಹೆಸರು ಲಿಬ್ರಾಟಸ್. 20 ದಿನ, 1,20,000 ಆಟ. ಎದುರು ಡಾಂಗ್ ಕಿಮ್, ಜೇಸನ್ ಲೆಸ್, ಜಿಮ್ಮಿ ಚೌ, ಡೇನಿಯಲ್ ಮೆಕಾಲೆ. ನಾಲ್ವರೂ ಒಟ್ಟಾಗಿ 17,66,250 ಚಿಪ್ಸ್ ಸೋತರು.

ಆ 20 ದಿನದ ಒಂದು ವಿವರ ಕೇಳಿ. ರಾತ್ರಿ ನಾಲ್ವರೂ ಸೇರಿ ಯಂತ್ರದ ದೌರ್ಬಲ್ಯ ಹುಡುಕ್ತಿದ್ದರು. ಇಂಥಿಂಥ ಮೊತ್ತ ಕಟ್ಟಿದರೆ ಅದು ತಡವರಿಸುತ್ತೆ ಅಂತ ಕಂಡುಕೊಂಡು ಮರುದಿನ ಹೋದರೆ ಆ ಬಿರುಕು ಮುಚ್ಚಿಹೋಗಿರ್ತಿತ್ತು. ಯಂತ್ರ ನಮ್ಮ ಆಟವನ್ನು ಓದಿ ನಮ್ಮ ದೌರ್ಬಲ್ಯ ಹಿಡೀತಿದೆ ಅಂತ ಯಾರಿಗಾದರೂ ಅನ್ನಿಸೋದು ಸಹಜ. ಅದು ಮಾಡ್ತಿದ್ದದ್ದು ಬೇರೆ. ಅವರು ಯಾವ ಮೊತ್ತಗಳನ್ನು ಹೆಚ್ಚು ಬಳಸಿದರು ಅಂತ ನೋಡಿ, ಅಲ್ಲಿ ತನ್ನ ಲೆಕ್ಕ ಎಲ್ಲಿ ತೆಳುವಾಗಿದೆಯೋ ಅದನ್ನು ರಾತ್ರಿಯಿಡೀ ಸರಿ ಮಾಡಿಕೊಳ್ತಿತ್ತು. ಅವರ ತಪ್ಪಿನ ಗೊಡವೆ ಅದಕ್ಕೆ ಬೇಕಾಗಿರಲಿಲ್ಲ, ತನ್ನ ತಪ್ಪು ತಿದ್ದಿಕೊಂಡರೆ ಸಾಕಿತ್ತು. ಜೊತೆಗೆ ಅದು ಮೇಜಿನ ಮೇಲಿನ ದುಡ್ಡಿನ ಎಷ್ಟೋ ಪಟ್ಟನ್ನು ಒಮ್ಮೆಲೇ ಕಟ್ಟುತ್ತಿತ್ತು, ಒಮ್ಮೆ ಬಲವಾದ ಎಲೆಯಲ್ಲಿ, ಒಮ್ಮೆ ಕಸದಲ್ಲಿ. ಮನುಷ್ಯರು ಹಾಗೆ ಕಟ್ಟಲು ಹೆದರುತ್ತಿದ್ದದ್ದು ಲೆಕ್ಕದ ಕಾರಣಕ್ಕಲ್ಲ, ಮುಜುಗರಕ್ಕೆ. ಸಿಕ್ಕಿಬಿದ್ದರೆ ಪೆದ್ದನಂತೆ ಕಾಣ್ತೀವಲ್ಲ!

ಈ ಸುರಕ್ಷಿತ ದಾರಿ ಎದುರಿನವನು ಪೆದ್ದನಾದರೆ ಅವನಿಂದ ಸಿಗಬಹುದಾದಷ್ಟನ್ನೆಲ್ಲ ದೋಚಲ್ಲ. ಅದು ಸೋಲದಿರುವ ದಾರಿ, ದೋಚುವ ದಾರಿ ಅಲ್ಲ. ಎದುರಿನವನು ಯಾವಾಗಲೂ ಹೆದರಿ ಪ್ಯಾಕ್ ಮಾಡುವವನಾದರೆ ಬ್ರನ್ಸನ್‌ನಂಥವನು ಸೆಫಿಯಸ್‌ಗಿಂತ ಬೇಗ ಅವನ ಜೇಬು ಖಾಲಿ ಮಾಡ್ತಾನೆ. ಮುಖ ಓದುವ ವಿದ್ಯೆಗೆ ಬೆಲೆ ಇಲ್ಲ ಅಂತಲ್ಲ. ಬೆಲೆ ಇರೋದು ಎದುರಿನವನು ಲೆಕ್ಕ ತಪ್ಪಿದಾಗ ಮಾತ್ರ.

2020ರ ನವೆಂಬರಿನಲ್ಲಿ ಡೇನಿಯಲ್ ನೆಗ್ರಾನು ಮತ್ತು ಡಗ್ ಪೋಕ್ ಇಬ್ಬರೇ 25,000 ಆಟ ಆಡಲು ಕೂತರು. ನೆಗ್ರಾನು ಎದುರಿನವರ ಕೈಯಲ್ಲಿರೋ ಎರಡೆಲೆಯನ್ನು ಬಾಯಿಬಿಟ್ಟು ಹೇಳಿ ಬೆರಗುಗೊಳಿಸುವುದಕ್ಕೆ ಹೆಸರಾದವನು. ಪೋಕ್ ಇಬ್ಬರ ಆಟದಲ್ಲೇ ಪಳಗಿದವನು, ಕ್ಲಾಡಿಕೊ ಎದುರು ಆಡಿದ್ದ ನಾಲ್ವರಲ್ಲಿ ಒಬ್ಬ. ಮೊದಲ 200 ಆಟ ಎದುರುಬದುರು ಕೂತು ಆಡಿದ್ದು, ಅದರಲ್ಲಿ ನೆಗ್ರಾನು 1,16,500 ಡಾಲರ್ ಗೆದ್ದ. ಉಳಿದದ್ದೆಲ್ಲ ಕಂಪ್ಯೂಟರಿನ ಮೂಲಕ, ಮುಖ ಕಾಣದ ಹಾಗೆ. 2021ರ ಫೆಬ್ರವರಿಯಲ್ಲಿ ಮುಗಿದಾಗ ಪೋಕ್ ಸುಮಾರು 12 ಲಕ್ಷ ಡಾಲರ್ ಮುಂದಿದ್ದ.